ಹೈಬರಿ: ಆರ್ಸೆನಲ್‌ನ ಹಳೆಯ ಮೈದಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲಂಡನ್ನಿನ ಆರ್ಸೆನಲ್ ಫುಟ್‌ಬಾಲ್ ಕ್ಲಬ್ 1913ರಿಂದ 2006ರವರೆಗೆ, ಅಂದರೆ 93 ವರ್ಷಗಳ ಕಾಲ, ಹೈಬರಿಯ ಮೈದಾನದಲ್ಲಿ ಆಡಿತು. ಆ ಮೈದಾನ ಈಗಿಲ್ಲ. ಹಾಗೆಂದು ಪೂರ್ತಿ ಅಳಿದುಹೋಗಿದೆ ಎನ್ನುವಂತೆಯೂ ಇಲ್ಲ. ಅದರ ಎರಡು ಬದಿಯ ಗೋಡೆಗಳು ನಿಂತಿವೆ, ಆಟ ನಡೆಯುತ್ತಿದ್ದ ಜಾಗದಲ್ಲಿ ಇವತ್ತಿಗೂ ಹಸಿರಿದೆ, ಪ್ರೇಕ್ಷಕರು ಕೂರುತ್ತಿದ್ದ ಕಡೆ ಜನ ಸಂಸಾರ ಹೂಡಿದ್ದಾರೆ. 2003–04ರಲ್ಲಿ ಆರ್ಸೆನಲ್ ಒಂದೂ ಲೀಗ್ ಪಂದ್ಯ ಸೋಲದೆ ಚಾಂಪಿಯನ್ ಆದ ಕಾಲಕ್ಕೆ ಟಿ.ವಿ. ಮುಂದೆ ಕುಳಿತು ಆ ತಂಡಕ್ಕೆ ಮನಸೋತ ಕನ್ನಡಿಗರು ನಮ್ಮಲ್ಲಿ ಸಾಕಷ್ಟಿದ್ದಾರೆ. ಅವರಿಗೂ, ಈಗಿನ ಎಮಿರೇಟ್ಸ್ ಕ್ರೀಡಾಂಗಣವನ್ನಷ್ಟೇ ಕಂಡ ಕಿರಿಯರಿಗೂ ಸಹಜವಾಗಿ ಏಳುವ ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಳ್ಳಲಾಗಿದೆ.

ಹೈಬರಿ ಎನ್ನುವುದು ಕ್ರೀಡಾಂಗಣದ ಹೆಸರೋ, ಊರಿನ ಹೆಸರೋ?

ಉತ್ತರ ಲಂಡನ್ನಿನ ಇಸ್ಲಿಂಗ್ಟನ್‌ಗೆ ಸೇರಿದ ಒಂದು ಬಡಾವಣೆಯ ಹೆಸರು ಹೈಬರಿ. ಕ್ರೀಡಾಂಗಣದ ಅಧಿಕೃತ ಹೆಸರು ಆರ್ಸೆನಲ್ ಸ್ಟೇಡಿಯಂ. ಆದರೆ ಕಾಗದಪತ್ರಗಳಲ್ಲಿ ಬಿಟ್ಟರೆ ಆ ಹೆಸರನ್ನು ಬಳಸಿದವರು ಕಡಿಮೆ; ಬಡಾವಣೆಯ ಹೆಸರೇ ಮೈದಾನಕ್ಕೂ ನಿಂತುಬಿಟ್ಟಿತು. ಇಲ್ಲಿಯೂ ಹೈಬರಿ ಎಂದೇ ಕರೆಯಲಾಗಿದೆ.

ಆರ್ಸೆನಲ್ ಮೊದಲಿನಿಂದಲೂ ಅಲ್ಲಿಯದೇ ಕ್ಲಬ್ಬೇ?

ಅಲ್ಲ. ಲಂಡನ್ನಿನ ಆಗ್ನೇಯಕ್ಕಿರುವ ವೂಲ್ವಿಚ್‌ನ ಸರ್ಕಾರಿ ಶಸ್ತ್ರಾಗಾರದ ಕೆಲಸಗಾರರು 1886ರಲ್ಲಿ ಕಟ್ಟಿದ ತಂಡ ಅದು. ಆರ್ಸೆನಲ್ ಎಂಬ ಹೆಸರಿನ ಮೂಲವೂ ಆ ಶಸ್ತ್ರಾಗಾರವೇ, ಲಾಂಛನದ ಫಿರಂಗಿಯ ಮೂಲವೂ ಅದೇ. ಪ್ಲಮ್‌ಸ್ಟೆಡ್‌ನ ಮ್ಯಾನರ್ ಗ್ರೌಂಡ್‌ನಲ್ಲಿ ಆಡುತ್ತಿದ್ದಾಗ ಅಲ್ಲಿಗೆ ತಲುಪುವುದೇ ಪ್ರೇಕ್ಷಕರಿಗೆ ಪ್ರಯಾಸವಾಗಿತ್ತು, ಟಿಕೆಟ್ ಹಣ ಖರ್ಚಿಗೆ ಸಾಲುತ್ತಿರಲಿಲ್ಲ, 1910ರ ಹೊತ್ತಿಗೆ ಕ್ಲಬ್ ಬಾಗಿಲು ಮುಚ್ಚುವ ಸ್ಥಿತಿಗೆ ಬಂದಿತ್ತು. ಆಗ ಅದನ್ನು ಕೈಗೆತ್ತಿಕೊಂಡ ಹೆನ್ರಿ ನಾರಿಸ್ ಎಂಬ ಉದ್ಯಮಿ, ಜನ ಬರುವ ಕಡೆಗೆ ತಂಡವನ್ನೇ ಒಯ್ಯಬೇಕು ಎಂದು ತೀರ್ಮಾನಿಸಿದರು. ಅವರು ಆರಿಸಿದ ಜಾಗದ ಪಕ್ಕದಲ್ಲೇ ಗಿಲೆಸ್ಪಿ ರೋಡ್ ಎಂಬ ಭೂಗತ ರೈಲು ನಿಲ್ದಾಣವಿತ್ತು. ಅದು 1906ರಿಂದಲೇ ನಡೆಯುತ್ತಿತ್ತು. ನಾರಿಸ್ ಅವರ ಲೆಕ್ಕಾಚಾರವೆಲ್ಲ ನಿಂತಿದ್ದುದು ಆ ನಿಲ್ದಾಣದ ಮೇಲೆ.

ನೆರೆಯಲ್ಲೇ ಬೀಡುಬಿಟ್ಟಿದ್ದ ಟಾಟೆನ್‌ಹ್ಯಾಮ್ ಹಾಟ್‌ಸ್ಪರ್ ಮತ್ತು ಕ್ಲ್ಯಾಪ್ಟನ್ ಓರಿಯಂಟ್ ಕ್ಲಬ್ಬುಗಳು ಇದನ್ನು ವಿರೋಧಿಸಿದವು. ತಮ್ಮ ಅಂಗಡಿಯ ಎದುರಿಗೇ ಇನ್ನೊಬ್ಬ ಅಂಗಡಿ ತೆರೆದರೆ ಯಾರಿಗೆ ತಾನೇ ಹಿತವಾದೀತು? ಬಡಾವಣೆಯವರೂ ಫುಟ್‌ಬಾಲ್ ಗುಂಪನ್ನು ಸಂತೋಷದಿಂದ ಬರಮಾಡಿಕೊಳ್ಳಲಿಲ್ಲ. ಆಕ್ಷೇಪಗಳು ಊರ್ಜಿತವಾಗಲಿಲ್ಲ, ಆರ್ಸೆನಲ್ ಬಂತು. ಟಾಟೆನ್‌ಹ್ಯಾಮ್ ಜೊತೆಗಿನ ಇವತ್ತಿನವರೆಗಿನ ವೈರಕ್ಕೆ ಬೀಜ ಬಿದ್ದದ್ದು ಆಗಲೇ.

ಆ ಜಾಗ ಚರ್ಚಿಗೆ ಸೇರಿದ್ದಂತೆ, ಹೌದೇ?

ಸೇಂಟ್ ಜಾನ್ಸ್ ಎಂಬ ದೇವತಾಶಾಸ್ತ್ರ ವಿದ್ಯಾಲಯದ ಆಟದ ಬಯಲು ಅದು. 21 ವರ್ಷಗಳ ಗುತ್ತಿಗೆಗೆ ಕ್ಲಬ್ 20,000 ಪೌಂಡ್ ಕೊಟ್ಟಿತು. ಕರಾರಿಗೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಅವರೇ ಸಹಿ ಹಾಕಿದರು. ಕ್ರಿಸ್‌ಮಸ್ ದಿನವೂ ಗುಡ್ ಫ್ರೈಡೇ ದಿನವೂ ಪಂದ್ಯ ಆಡಿಸಕೂಡದು, ಆವರಣದಲ್ಲಿ ಮದ್ಯ ಮಾರಕೂಡದು ಎಂಬ ಷರತ್ತುಗಳು ಕರಾರಿನಲ್ಲಿದ್ದವು. ರಜೆಯ ದಿನಗಳಲ್ಲೇ ಹೆಚ್ಚು ಜನ ಸೇರುತ್ತಿದ್ದ ಆ ಕಾಲದಲ್ಲಿ ಇದು ಸಣ್ಣ ನಷ್ಟವಲ್ಲ. 1925ರಲ್ಲಿ ಕ್ಲಬ್ 64,000 ಪೌಂಡ್ ಕೊಟ್ಟು ಜಾಗವನ್ನು ಖರೀದಿಸಿದ ಮೇಲೆ ಷರತ್ತುಗಳು ಕಳಚಿಕೊಂಡವು.

ಮೊದಲ ಪಂದ್ಯ ಯಾವಾಗ ನಡೆಯಿತು? ಹಾಲಿನ ಗಾಡಿಯ ಕತೆ ಏನು?

1913ರ ಸೆಪ್ಟೆಂಬರ್ 6ರಂದು, ಎರಡನೇ ಡಿವಿಷನ್ ಲೀಗಿನಲ್ಲಿ, ಲೆಸ್ಟರ್ ಫಾಸ್ ತಂಡದ ವಿರುದ್ಧ. ಆರ್ಸೆನಲ್ 2–1ರಿಂದ ಗೆದ್ದಿತು.

ಕ್ರೀಡಾಂಗಣದ ನಕ್ಷೆ ಆರ್ಚಿಬಾಲ್ಡ್ ಲೀಚ್ ಅವರದು. ಬ್ರಿಟನ್ನಿನ ಹಲವಾರು ಫುಟ್‌ಬಾಲ್ ಮೈದಾನಗಳನ್ನು ರೂಪಿಸಿದ ಸ್ಕಾಟ್ಲೆಂಡಿನ ಎಂಜಿನಿಯರ್ ಅವರು. ಪೂರ್ವಕ್ಕೆ ಕುರ್ಚಿಗಳಿದ್ದ ಒಂದು ಸ್ಟ್ಯಾಂಡು, ಉಳಿದ ಮೂರು ಕಡೆ ಮಣ್ಣು ಏರಿಸಿ ಮಾಡಿದ, ಜನ ನಿಂತು ನೋಡುವ ಮೆಟ್ಟಿಲುಗಳು. ಇದು ಅವರ ಯೋಜನೆ. ಆದರೆ ಮೊದಲ ಪಂದ್ಯದ ದಿನ ಸ್ಟ್ಯಾಂಡಿನ ಕೆಲಸ ಮುಗಿದಿರಲೇ ಇಲ್ಲ. ಹೊಸ ಮೈದಾನದಲ್ಲಿ ಆರ್ಸೆನಲ್ ಪರ ಮೊದಲ ಗೋಲು ಹೊಡೆದ ಜಾರ್ಜ್ ಜೋಬಿ ಅದೇ ಪಂದ್ಯದಲ್ಲಿ ಗಾಯಗೊಂಡರು. ಗಾಯಾಳುವನ್ನು ಮಲಗಿಸಲು ಒಳಗೆ ತಕ್ಕ ಕೋಣೆಯಿಲ್ಲ, ಒಯ್ಯಲು ವಾಹನವೂ ಇಲ್ಲ. ತಂಡದ ಟ್ರೇನರ್ ಅಲ್ಲಿಯೇ ಒಬ್ಬ ಹಾಲಿನವನ ಗಾಡಿಯನ್ನು ಬೇಡಿ ಪಡೆದು, ಅದರ ಮೇಲೆ ಜೋಬಿಯವರನ್ನು ಅವರ ಬಿಡಾರಕ್ಕೆ ಸಾಗಿಸಿದರು ಎಂಬುದು ಕ್ಲಬ್ಬಿನ ಇತಿಹಾಸದಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಪ್ರಸಂಗ. ಮುಂದೆ ಅಮೃತಶಿಲೆಯ ಸಭಾಂಗಣಕ್ಕೆ ಹೆಸರಾದ ಮೈದಾನದ ಆರಂಭ ಹೀಗಿತ್ತು.

ಒಂದು ಕ್ಲಬ್ಬಿಗಾಗಿ ರೈಲು ನಿಲ್ದಾಣದ ಹೆಸರನ್ನೇ ಬದಲಿಸಿದರೇ?

ಬದಲಿಸಿದರು. ಇದರ ಹಿಂದೆ ಇದ್ದವರು 1925ರಲ್ಲಿ ಮ್ಯಾನೇಜರ್ ಆಗಿ ಬಂದ ಹರ್ಬರ್ಟ್ ಚಾಪ್‌ಮನ್. ತಂಡ ಕಟ್ಟುವುದರಲ್ಲಿ ಎಷ್ಟು ಜಾಣರೋ ಪ್ರಚಾರದಲ್ಲೂ ಅಷ್ಟೇ ಜಾಣರಾಗಿದ್ದ ಅವರು, ಗಿಲೆಸ್ಪಿ ರೋಡ್ ಎಂಬ ಹೆಸರು ಯಾರಿಗೆ ಗೊತ್ತು, ಆರ್ಸೆನಲ್ ಎಂದಿದ್ದರೆ ಲಂಡನ್ನಿನ ಪ್ರತಿ ರೈಲು ನಕ್ಷೆಯಲ್ಲೂ ಕ್ಲಬ್ಬಿನ ಹೆಸರು ಇರುತ್ತದಲ್ಲ ಎಂದು ರೈಲ್ವೆಯವರ ಬೆನ್ನುಹತ್ತಿದರು. ಟಿಕೆಟ್, ನಕ್ಷೆ, ಫಲಕ ಎಲ್ಲವನ್ನೂ ಹೊಸದಾಗಿ ಅಚ್ಚು ಮಾಡಿಸಬೇಕಾದ ಕೆಲಸ ಅದು. 1932ರ ಅಕ್ಟೋಬರ್ 31ರಂದು ನಿಲ್ದಾಣ ‘ಆರ್ಸೆನಲ್ (ಹೈಬರಿ ಹಿಲ್)’ ಆಯಿತು. ಆವರಣದೊಳಗಿನ ಎರಡು ಪದಗಳು ಕಾಲಕ್ರಮದಲ್ಲಿ ಉದುರಿದವು. ಪ್ಲಾಟ್‌ಫಾರಂ ಗೋಡೆಯ ಹೆಂಚುಗಳಲ್ಲಿ ಮಾತ್ರ ಗಿಲೆಸ್ಪಿ ರೋಡ್ ಎಂಬ ದೊಡ್ಡಕ್ಷರಗಳು ಇಂದಿಗೂ ಇವೆ.

ಹೈಬರಿಯ ಕಟ್ಟಡಗಳನ್ನು ಅಷ್ಟೊಂದು ಹೊಗಳುವುದೇಕೆ?

1930ರ ದಶಕದಲ್ಲಿ ಕಟ್ಟಿದ ಎರಡು ಸ್ಟ್ಯಾಂಡುಗಳಿಗಾಗಿ. ಕ್ಲಾಡ್ ವಾಟರ್‌ಲೋ ಫೆರಿಯರ್ ಮತ್ತು ವಿಲಿಯಂ ಬಿನ್ನಿ ಎಂಬ ವಾಸ್ತುಶಿಲ್ಪಿಗಳು ರೂಪಿಸಿದ ಪಶ್ಚಿಮ ಸ್ಟ್ಯಾಂಡನ್ನು 1932ರ ಡಿಸೆಂಬರ್ 10ರಂದು ಆಗಿನ ವೇಲ್ಸ್ ರಾಜಕುಮಾರ, ಮುಂದೆ ಎಂಟನೇ ಎಡ್ವರ್ಡ್ ಆದವರು, ಉದ್ಘಾಟಿಸಿದರು. ಲೀಚ್ ಅವರ ಹಳೆಯ ಸ್ಟ್ಯಾಂಡನ್ನು ಕೆಡವಿ ಅದಕ್ಕೆ ಜೋಡಿಯಾಗಿ ಪೂರ್ವ ಸ್ಟ್ಯಾಂಡನ್ನು 1936ರಲ್ಲಿ ಎಬ್ಬಿಸಲಾಯಿತು. ಅದಕ್ಕೆ ತಗಲಿದ ವೆಚ್ಚ ಸುಮಾರು 1,30,000 ಪೌಂಡ್. ಆ ಕಾಲಕ್ಕೆ ಅದು ಕಣ್ಣು ಕುಕ್ಕುವ ಮೊತ್ತ, ಕ್ಲಬ್ಬನ್ನು ಸಾಲಕ್ಕೂ ದೂಡಿತು.

ಆಗಿನ ಬಹುತೇಕ ಫುಟ್‌ಬಾಲ್ ಮೈದಾನಗಳು ತಗಡಿನ ಮಾಡು, ಕಬ್ಬಿಣದ ಕಂಬ, ಇಟ್ಟಿಗೆಯ ಗೋಡೆಗಳ ಕಾರ್ಖಾನೆಗಳಂತೆ ಕಾಣುತ್ತಿದ್ದವು. ಹೈಬರಿಯದು ಆರ್ಟ್ ಡೆಕೋ ಶೈಲಿ: ನೇರವಾದ ಗೆರೆಗಳು, ಬಿಳಿಯ ಮೈ, ಕೆಂಪು ಅಕ್ಷರಗಳು, ಗೋಡೆಯಲ್ಲಿ ಮೂಡಿಸಿದ ಫಿರಂಗಿ. ಏವನೆಲ್ ರೋಡಿನ ಕಡೆಯಿಂದ ಪೂರ್ವ ಸ್ಟ್ಯಾಂಡಿನ ಮುಂದೆ ನಿಂತರೆ ಚಿತ್ರಮಂದಿರವೋ ದೊಡ್ಡ ಹೋಟೆಲೋ ಎಂಬ ಭ್ರಮೆಯಾಗುತ್ತದೆ. ಬಾಗಿಲು ದಾಟಿದೊಡನೆ ‘ಮಾರ್ಬಲ್ ಹಾಲ್ಸ್’ ಎಂದು ಹೆಸರಾದ ಪಡಸಾಲೆ. ಹೆಸರೇನೋ ಅಮೃತಶಿಲೆಯದು, ನೆಲದ ಬಹುಪಾಲು ನಮ್ಮ ಹಳೆಯ ಸರ್ಕಾರಿ ಕಚೇರಿಗಳಲ್ಲಿ ಕಾಣುವಂಥ ಮೊಸಾಯಿಕ್ ಜಾತಿಯ ಟೆರಾಜೊ. ಅಲ್ಲಿ ಚಾಪ್‌ಮನ್ ಅವರ ಕಂಚಿನ ಎದೆಪ್ರತಿಮೆಯನ್ನು ಇರಿಸಿದ್ದರು. ಅದನ್ನು ಮಾಡಿದವರು ಪ್ರಸಿದ್ಧ ಶಿಲ್ಪಿ ಜೇಕಬ್ ಎಪ್‌ಸ್ಟೈನ್. ಚಾಪ್‌ಮನ್ 1934ರ ಜನವರಿಯಲ್ಲಿಯೇ ನ್ಯುಮೋನಿಯಾದಿಂದ ತೀರಿಕೊಂಡರು. ಅವರ ಕನಸಿನ ಸ್ಟ್ಯಾಂಡನ್ನು ಕಂಡದ್ದು ಅವರ ಪ್ರತಿಮೆ ಮಾತ್ರ.

ಪಶ್ಚಿಮ ಸ್ಟ್ಯಾಂಡಿನ ಕತೆ ಬೇರೆ. ಅದು ಅಷ್ಟು ದೊಡ್ಡದಾಗಿದ್ದರೂ ರಸ್ತೆಗೆ ಕಾಣುವುದಿಲ್ಲ. ಹೈಬರಿ ಹಿಲ್ ರಸ್ತೆಯ ಸಾಲುಮನೆಗಳ ನಡುವೆ, ಇನ್ನೊಂದು ಮನೆ ಇರಬೇಕಾದಷ್ಟೇ ಅಗಲದ ಸಂದಿಯಲ್ಲಿ, ಅದರ ಪ್ರವೇಶದ್ವಾರವಿದೆ. ಎಡಕ್ಕೊಂದು ಮನೆಯ ಕಿಟಕಿ, ಬಲಕ್ಕೊಂದು ಮನೆಯ ಕಿಟಕಿ, ನಡುವೆ ಸಾವಿರಾರು ಜನ ನುಗ್ಗುವ ಬಾಗಿಲು. ಹೈಬರಿಯ ಸ್ವಭಾವ ಏನು, ಮುಂದೆ ಅದಕ್ಕೆ ಬಂದ ಕುತ್ತೇನು ಎಂಬುದೆರಡೂ ಈ ಒಂದು ಸಂದಿಯಲ್ಲಿ ಕಾಣುತ್ತದೆ.

‘ಕ್ಲಾಕ್ ಎಂಡ್’ ಎಂಬ ಹೆಸರು ಬಂದದ್ದು ಹೇಗೆ?

ಇದೂ ಚಾಪ್‌ಮನ್ ಅವರ ಕೆಲಸವೇ. 1930ರಲ್ಲಿ ಅವರು ಉತ್ತರದ ತುದಿಯಲ್ಲಿ ಒಂದು ದೊಡ್ಡ ಗಡಿಯಾರ ಹಾಕಿಸಿದರು; ಅದು ಆಟದ ಅರ್ಧಭಾಗದ 45 ನಿಮಿಷಗಳನ್ನು ಎಣಿಸುತ್ತಿತ್ತು. ರೆಫರಿಯ ಅಧಿಕಾರಕ್ಕೆ ಇದರಿಂದ ಕುಂದು ಎಂದು ಫುಟ್‌ಬಾಲ್ ಅಸೋಸಿಯೇಷನ್ ತಕರಾರು ತೆಗೆದದ್ದರಿಂದ ಅದನ್ನು ಮಾಮೂಲಿ ಹನ್ನೆರಡು ಗಂಟೆಯ ಗಡಿಯಾರವಾಗಿಸಬೇಕಾಯಿತು. 1935ರಲ್ಲಿ ಉತ್ತರದ ತುದಿಗೆ ಚಾವಣಿ ಹಾಕುವಾಗ ಗಡಿಯಾರವನ್ನು ದಕ್ಷಿಣಕ್ಕೆ ಒಯ್ದರು, ಆ ತುದಿ ಕ್ಲಾಕ್ ಎಂಡ್ ಆಯಿತು. ಉತ್ತರದ ತುದಿಗೆ ಮೊದಲು ‘ಲಾಂಡ್ರಿ ಎಂಡ್’ ಎಂಬ ಹೆಸರಿತ್ತು, ಆಮೇಲೆ ಅದು ‘ನಾರ್ತ್ ಬ್ಯಾಂಕ್’ ಎಂದು ಲೋಕಪ್ರಸಿದ್ಧವಾಯಿತು.

ನಾರ್ತ್ ಬ್ಯಾಂಕ್ ಕೆಳಗೆ ಕುದುರೆ ಹೂತಿದೆ ಎನ್ನುವುದು ನಿಜವೇ?

ಮೆಟ್ಟಿಲುಗಳನ್ನು ಎತ್ತರಿಸಲು ಮಣ್ಣು ಬೇಕಾದಾಗ, ಕಸ ಕಲ್ಲು ಏನಿದ್ದರೂ ತಂದು ಸುರಿಯಿರಿ ಎಂದು ಕ್ಲಬ್ ಸುತ್ತಲಿನವರನ್ನು ಕೇಳಿಕೊಂಡಿತಂತೆ. ಕಲ್ಲಿದ್ದಲು ವ್ಯಾಪಾರಿಯೊಬ್ಬ ತನ್ನ ಗಾಡಿಯನ್ನು ಹಿಮ್ಮುಖವಾಗಿ ಅಂಚಿಗೆ ತೀರ ಹತ್ತಿರ ತಂದಾಗ ಗಾಡಿ, ಕುದುರೆ ಎರಡೂ ಗುಂಡಿಗೆ ಉರುಳಿದವಂತೆ. ಬಲವಾಗಿ ಗಾಯಗೊಂಡ ಕುದುರೆಯನ್ನು ಅಲ್ಲಿಯೇ ಕೊಂದು ಹೂತರಂತೆ. ಈ ‘ಅಂತೆ’ಗಳನ್ನು ತೆಗೆದುಹಾಕುವುದು ಸಾಧ್ಯವಿಲ್ಲ. ಇದು ಹೈಬರಿಯ ಐತಿಹ್ಯ; ದಾಖಲೆ ಎಂದು ತೆಗೆದುಕೊಳ್ಳದಿರುವುದು ಒಳ್ಳೆಯದು.

ಅಲ್ಲಿ ಸೇರಿದ ಅತಿ ದೊಡ್ಡ ಜನಸಮೂಹ ಎಷ್ಟು? ಅತಿ ಚಿಕ್ಕದು?

1935ರ ಮಾರ್ಚ್ 9ರಂದು ಸಂಡರ್‌ಲೆಂಡ್ ವಿರುದ್ಧದ ಪಂದ್ಯಕ್ಕೆ 73,295 ಜನ ಬಂದರು. ಅಷ್ಟು ಜನ ನೋಡಿದ ಆಟ 0–0 ಆಯಿತು.

ಅತಿ ಕಡಿಮೆಯ ಕತೆ ಇನ್ನೂ ಸ್ವಾರಸ್ಯದ್ದು. 1966ರ ಮೇ 5ರಂದು ಲೀಡ್ಸ್ ಯುನೈಟೆಡ್ ವಿರುದ್ಧದ ಲೀಗ್ ಪಂದ್ಯಕ್ಕೆ ಬಂದವರು ಕೇವಲ 4,554. ಅದೇ ಸಂಜೆ ಲಿವರ್‌ಪೂಲ್ ಆಡುತ್ತಿದ್ದ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಫೈನಲ್ ಟಿ.ವಿ.ಯಲ್ಲಿ ನೇರವಾಗಿ ಬರುತ್ತಿತ್ತು. ಆರ್ಸೆನಲ್ ತಂಡವೂ ಆಗ ನೋಡಲೇಬೇಕು ಎನ್ನುವ ಮಟ್ಟದಲ್ಲಿರಲಿಲ್ಲ. ಪಂದ್ಯವನ್ನು 0–3ರಿಂದ ಸೋತಿತು.

ರೇಡಿಯೊ, ಟಿ.ವಿ. ಇತಿಹಾಸದಲ್ಲಿ ಹೈಬರಿಯ ಹೆಸರು ಬರುವುದೇಕೆ?

ಇಂಗ್ಲೆಂಡಿನ ಲೀಗ್ ಪಂದ್ಯವೊಂದರ ನೇರ ವೀಕ್ಷಕ ವಿವರಣೆ ರೇಡಿಯೊದಲ್ಲಿ ಮೊದಲು ಕೇಳಿಬಂದದ್ದು ಇಲ್ಲಿಂದ: 1927ರ ಜನವರಿ 22, ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್, ಫಲಿತಾಂಶ 1–1. ಕಣ್ಣಿಗೆ ಕಾಣದ ಆಟವನ್ನು ಕೇಳುಗ ಹೇಗೆ ಹಿಂಬಾಲಿಸಬೇಕು? ಬಿಬಿಸಿಯವರು ಮೈದಾನದ ಚಿತ್ರವನ್ನು ಎಂಟು ಚೌಕಗಳಾಗಿ ಗೆರೆ ಎಳೆದು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಟೆಡ್ಡಿ ವೇಕ್‌ಲಮ್ ಆಟವನ್ನು ವಿವರಿಸುತ್ತಾ ಹೋದರೆ, ಹಿಂದಿನಿಂದ ಇನ್ನೊಂದು ದನಿ ಚೆಂಡು ಯಾವ ಚೌಕದಲ್ಲಿದೆ ಎಂದು ಸಂಖ್ಯೆ ಕೂಗುತ್ತಿತ್ತು. ಮನೆಯಲ್ಲಿ ಕುಳಿತವರು ಪತ್ರಿಕೆ ಬಿಡಿಸಿಕೊಂಡು ಬೆರಳು ಸರಿಸುತ್ತಿದ್ದರು. ರೇಡಿಯೊಗೆ ಕಿವಿಗೊಟ್ಟು ಕ್ರಿಕೆಟ್ ಕೇಳಿ ಬೆಳೆದ ನಮ್ಮ ಹಿರಿಯರಿಗೆ ಈ ಕಷ್ಟವೂ ಈ ಸುಖವೂ ಹೊಸದೆನಿಸಲಾರದು.

ಹತ್ತು ವರ್ಷದ ಬಳಿಕ, 1937ರ ಸೆಪ್ಟೆಂಬರ್ 16ರಂದು, ಟಿ.ವಿ.ಯಲ್ಲಿ ಫುಟ್‌ಬಾಲ್ ಆಟವನ್ನು ನೇರವಾಗಿ ತೋರಿಸಿದ್ದೂ ಹೈಬರಿಯಿಂದಲೇ. ಆಡಿದ್ದು ಆರ್ಸೆನಲ್ ಮತ್ತು ಆರ್ಸೆನಲ್‌ನದೇ ಮೀಸಲು ತಂಡ.

‘ಹೈಬರಿ ಕದನ’ ಎಂದರೇನು?

1934ರ ನವೆಂಬರ್ 14ರಂದು ಇಲ್ಲಿ ನಡೆದ ಇಂಗ್ಲೆಂಡ್–ಇಟಲಿ ಪಂದ್ಯಕ್ಕೆ ಪತ್ರಿಕೆಗಳು ಕೊಟ್ಟ ಹೆಸರು ಅದು. ಇಟಲಿ ಅದೇ ವರ್ಷ ವಿಶ್ವಕಪ್ ಗೆದ್ದಿತ್ತು. ಇಂಗ್ಲೆಂಡ್ ಆ ಸ್ಪರ್ಧೆಯಲ್ಲಿ ಭಾಗವಹಿಸಿರಲೇ ಇಲ್ಲ, ಆದರೂ ತಾವೇ ಶ್ರೇಷ್ಠರೆಂದು ನಂಬಿತ್ತು. ಇಂಗ್ಲೆಂಡಿನ ಹನ್ನೊಂದು ಆಟಗಾರರಲ್ಲಿ ಏಳು ಮಂದಿ ಆರ್ಸೆನಲ್‌ನವರು, ಹಾಗಾಗಿ ಅವರಿಗಿದು ಅಕ್ಷರಶಃ ತವರು ಮೈದಾನ. ಆಟದ ಆರಂಭದಲ್ಲೇ ಇಟಲಿಯ ಲೂಯಿಸ್ ಮೊಂಟಿ ಕಾಲಿನ ಮೂಳೆ ಮುರಿದುಕೊಂಡರು. ಅದು ಬೇಕೆಂದೇ ಮಾಡಿದ್ದು ಎಂದು ಸಿಟ್ಟಾದ ಇಟಲಿಯವರು ಚೆಂಡಿನ ಜೊತೆಗೆ ಕಾಲುಗಳನ್ನೂ ಹುಡುಕಿ ಒದೆಯತೊಡಗಿದರು. ಇಂಗ್ಲೆಂಡಿನ ನಾಯಕ ಎಡ್ಡಿ ಹ್ಯಾಪ್‌ಗುಡ್ ಅವರ ಮೂಗು ಮುರಿಯಿತು. ಬೇಗನೆ 3–0 ಮುಂದಿದ್ದ ಇಂಗ್ಲೆಂಡ್, ದ್ವಿತೀಯಾರ್ಧದಲ್ಲಿ ಜುಸೆಪ್ಪೆ ಮೆಯಾಝಾ ಹೊಡೆದ ಎರಡು ಗೋಲುಗಳಿಂದ ಬೆವತು, ಕೊನೆಗೆ 3–2ರಿಂದ ಗೆದ್ದು ಉಸಿರುಬಿಟ್ಟಿತು.

ಯುದ್ಧಕಾಲದಲ್ಲಿ ಮೈದಾನ ಏನಾಯಿತು?

ಎರಡನೇ ಮಹಾಯುದ್ಧದಲ್ಲಿ ಹೈಬರಿಯನ್ನು ವಾಯುದಾಳಿ ರಕ್ಷಣಾ ಕೇಂದ್ರವಾಗಿ ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಬಾಂಬು ಬಿದ್ದು ನಾರ್ತ್ ಬ್ಯಾಂಕಿನ ಚಾವಣಿ ನಾಶವಾಯಿತು. ಅದನ್ನು ಮತ್ತೆ ಕಟ್ಟಿಸಿದ್ದು 1956ರಲ್ಲಿ. ಯುದ್ಧದ ವರ್ಷಗಳಲ್ಲಿ ಆರ್ಸೆನಲ್ ತನ್ನ ತವರು ಪಂದ್ಯಗಳನ್ನು ಆಡಿದ್ದು ಕಡುವೈರಿ ಟಾಟೆನ್‌ಹ್ಯಾಮ್‌ನ ವೈಟ್ ಹಾರ್ಟ್ ಲೇನ್‌ನಲ್ಲಿ. ಮೊದಲ ಮಹಾಯುದ್ಧದಲ್ಲಿ ಟಾಟೆನ್‌ಹ್ಯಾಮ್‌ನ ಮೈದಾನ ಯುದ್ಧಸಾಮಗ್ರಿಯ ಕಾರ್ಖಾನೆಯಾದಾಗ ಅವರು ಹೈಬರಿಯಲ್ಲಿ ಆಡಿದ್ದರು. ಋಣ ತೀರಿತು ಎನ್ನಬಹುದು, ಜಗಳ ತೀರಲಿಲ್ಲ.

ಫುಟ್‌ಬಾಲ್ ಬಿಟ್ಟು ಬೇರೆ ಆಟಗಳೂ ನಡೆದಿದ್ದವೇ?

ಎರಡನ್ನು ಹೇಳಲೇಬೇಕು. 1966ರ ಮೇ 21ರಂದು ವಿಶ್ವ ಹೆವಿವೇಟ್ ಬಾಕ್ಸಿಂಗ್ ಪ್ರಶಸ್ತಿಗಾಗಿ ಮುಹಮ್ಮದ್ ಅಲಿ ಮತ್ತು ಬ್ರಿಟನ್ನಿನ ಹೆನ್ರಿ ಕೂಪರ್ ಸೆಣಸಿದ್ದು ಹೈಬರಿಯ ಹುಲ್ಲಿನ ಮೇಲೆ ಹಾಕಿದ ರಿಂಗಿನಲ್ಲಿ. ಕೂಪರ್ ಅವರ ಹುಬ್ಬು ಸೀಳಿ ರಕ್ತ ಸುರಿಯತೊಡಗಿದ್ದರಿಂದ ಆರನೇ ಸುತ್ತಿನಲ್ಲಿ ಹೋರಾಟ ನಿಲ್ಲಿಸಲಾಯಿತು, ಅಲಿ ಗೆದ್ದರು.

ಇನ್ನೊಂದು ಕ್ರಿಕೆಟ್. 1951ರ ಸೆಪ್ಟೆಂಬರ್‌ನಲ್ಲಿ ಇಸ್ರೇಲಿನ ಹಪೋಯೆಲ್ ಟೆಲ್ ಅವೀವ್ ತಂಡದ ವಿರುದ್ಧ ಹೈಬರಿಯಲ್ಲಿ ಹೊನಲು ಬೆಳಕಿನ ಫುಟ್‌ಬಾಲ್ ಆರಂಭವಾಗಿತ್ತು. ಮರುವರ್ಷ ಆಗಸ್ಟ್‌ನಲ್ಲಿ ಅದೇ ದೀಪಗಳ ಕೆಳಗೆ ಆರ್ಸೆನಲ್ ಆಟಗಾರರೂ ಮಿಡ್ಲ್‌ಸೆಕ್ಸ್ ಕೌಂಟಿಯವರೂ, ಬೌಲರ್ ಜ್ಯಾಕ್ ಯಂಗ್ ಅವರ ಸಹಾಯಾರ್ಥವಾಗಿ, ಕ್ರಿಕೆಟ್ ಆಡಿದರು. ಹಗಲು-ರಾತ್ರಿ ಕ್ರಿಕೆಟ್ಟು ಆಸ್ಟ್ರೇಲಿಯದಲ್ಲಿ ಹುಟ್ಟಿತು ಎಂದು ನಂಬಿರುವವರು, ಅದಕ್ಕೂ ಕಾಲು ಶತಮಾನ ಮೊದಲಿನ ಈ ಸಂಜೆಯನ್ನು ನೆನಪಿಟ್ಟುಕೊಳ್ಳಬೇಕು.

1948ರ ಒಲಿಂಪಿಕ್ಸ್‌ನಲ್ಲಿ ಭಾರತ ತಂಡ ಹೈಬರಿಯಲ್ಲಿ ಆಡಿತ್ತೇ?

ಇಲ್ಲ, ಆದರೆ ಸಮೀಪದಲ್ಲೇ ಆಡಿತ್ತು. ಲಂಡನ್ ಒಲಿಂಪಿಕ್ಸ್‌ನ ಫುಟ್‌ಬಾಲ್ ಪಂದ್ಯಗಳು ನಡೆದ ಮೈದಾನಗಳಲ್ಲಿ ಹೈಬರಿಯೂ ಒಂದು. ಜುಲೈ 31ರಂದು ಅಲ್ಲಿ ಗ್ರೇಟ್ ಬ್ರಿಟನ್ ತಂಡ ನೆದರ್ಲೆಂಡ್ಸ್ ತಂಡವನ್ನು 4–3ರಿಂದ ಸೋಲಿಸಿತು. ಅದೇ ದಿನ ನಗರದ ಇನ್ನೊಂದು ಅಂಚಿನ ಇಲ್‌ಫರ್ಡ್‌ನಲ್ಲಿ, ಸ್ವತಂತ್ರ ಭಾರತದ ತಂಡ, ಹೆಚ್ಚಿನವರು ಬರಿಗಾಲಿನಲ್ಲಿ, ಫ್ರಾನ್ಸ್ ವಿರುದ್ಧ ಆಡಿ 1–2ರಿಂದ ಸೋತಿತು. ಎರಡು ಪೆನಾಲ್ಟಿಗಳನ್ನು ಭಾರತ ಕೈಚೆಲ್ಲಿತು. ಭಾರತದ ಆ ಒಂದು ಗೋಲನ್ನು ಹೊಡೆದವರು ಸಾರಂಗಪಾಣಿ ರಾಮನ್, ಬೆಂಗಳೂರಿನವರು. ಹೈಬರಿಯ ಕತೆಯಲ್ಲಿ ನಮ್ಮೂರಿನ ಪಾಲು ಇಷ್ಟು: ಅದೇ ದಿನ, ಅದೇ ನಗರ, ಬೇರೆ ಮೈದಾನ.

ಹಳೆಯ ಅಭಿಮಾನಿಗಳು ಅತ್ಯಂತ ಹೆಚ್ಚು ನೆನೆಯುವ ಪಂದ್ಯ ಯಾವುದು?

ಇದಕ್ಕೆ ಒಮ್ಮತದ ಉತ್ತರವಿಲ್ಲ. 1970ರ ಏಪ್ರಿಲ್ 28ರ ರಾತ್ರಿ ಬೆಲ್ಜಿಯಂನ ಆಂಡರ್‌ಲೆಕ್ಟ್ ತಂಡವನ್ನು 3–0ರಿಂದ ಮಣಿಸಿ, ಎರಡು ಪಂದ್ಯಗಳ ಫೈನಲ್‌ನಲ್ಲಿ ಮೊದಲನೆಯದರ ಸೋಲನ್ನು ತೊಡೆದು ಯುರೋಪಿನ ಫೇರ್ಸ್ ಕಪ್ ಗೆದ್ದದ್ದನ್ನು ಕೆಲವರು ಹೇಳುತ್ತಾರೆ; ಅದಕ್ಕೂ ಮುಂಚಿನ 17 ವರ್ಷ ಕ್ಲಬ್ಬಿಗೆ ಯಾವ ದೊಡ್ಡ ಟ್ರೋಫಿಯೂ ದಕ್ಕಿರಲಿಲ್ಲ. 1998ರ ಮೇ 3ರಂದು ಎವರ್ಟನ್ ವಿರುದ್ಧ ನಾಯಕ ಟೋನಿ ಆ್ಯಡಮ್ಸ್ ಎಡಗಾಲಲ್ಲಿ ಹೊಡೆದ ನಾಲ್ಕನೇ ಗೋಲನ್ನು, ಆ ದಿನ ಖಚಿತವಾದ ಲೀಗ್ ಪ್ರಶಸ್ತಿಯನ್ನು, ನನ್ನ ತಲೆಮಾರಿನವರು ಹೇಳುತ್ತಾರೆ.

ಆದರೆ ಸೋತ ಪಂದ್ಯವೊಂದನ್ನು ಮುಂದಿಡುವುದು ಸರಿ ಎಂದು ನನ್ನ ಭಾವನೆ. 1958ರ ಫೆಬ್ರವರಿ 1ರಂದು ಮ್ಯಾಟ್ ಬಸ್ಬಿಯವರ ಎಳೆಯ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಹೈಬರಿಗೆ ಬಂತು, 63,578 ಜನ ಸೇರಿದ್ದರು. ಮಧ್ಯಂತರಕ್ಕೆ ಯುನೈಟೆಡ್ 3–0 ಮುಂದಿತ್ತು. ಬಳಿಕ ಆರ್ಸೆನಲ್ ಕೆಲವೇ ನಿಮಿಷಗಳ ಅಂತರದಲ್ಲಿ ಮೂರು ಗೋಲು ಹೊಡೆದು ಸಮ ಮಾಡಿತು. ಯುನೈಟೆಡ್ ಮತ್ತೆರಡು ಹೊಡೆಯಿತು, ಆರ್ಸೆನಲ್ ಇನ್ನೊಂದು. 4–5. ಐದು ದಿನಗಳ ನಂತರ, ಬೆಲ್‌ಗ್ರೇಡ್‌ನಿಂದ ಮರಳುತ್ತಿದ್ದ ಯುನೈಟೆಡ್ ತಂಡದ ವಿಮಾನ ಮ್ಯೂನಿಕ್ ಹಿಮದಲ್ಲಿ ಅಪಘಾತಕ್ಕೀಡಾಯಿತು. ಆ ಶನಿವಾರ ಹೈಬರಿಯಲ್ಲಿ ಆಡಿದ ಹನ್ನೊಂದು ಮಂದಿಯಲ್ಲಿ ಐವರು ಉಳಿಯಲಿಲ್ಲ; ಅಂದಿನ ಮೊದಲ ಗೋಲು ಹೊಡೆದಿದ್ದ 21ರ ಹರೆಯದ ಡಂಕನ್ ಎಡ್ವರ್ಡ್ಸ್ ಆಸ್ಪತ್ರೆಯಲ್ಲಿ ಹದಿನೈದು ದಿನ ಜೀವ ಹಿಡಿದುಕೊಂಡಿದ್ದು ತೀರಿಕೊಂಡರು. ಆ ತಂಡವನ್ನು ಇಂಗ್ಲೆಂಡಿನ ನೆಲದಲ್ಲಿ ಕೊನೆಯದಾಗಿ ನೋಡಿದವರು ಹೈಬರಿಯ ಪ್ರೇಕ್ಷಕರು.

ನಿಂತು ನೋಡುವ ವ್ಯವಸ್ಥೆ ಹೋದದ್ದು ಯಾವಾಗ? ಜನರ ಚಿತ್ರದ ಗೋಡೆ ಯಾವುದು?

1989ರ ಏಪ್ರಿಲ್‌ನಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ನೂಕುನುಗ್ಗಲಲ್ಲಿ ಬೇಲಿಗೆ ಸಿಕ್ಕಿ ಸತ್ತರು. ಆ ದುರಂತದಲ್ಲಿ ಮಡಿದವರು 97 ಮಂದಿ. ಅದರ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್ ಅವರ ವರದಿಯ ಮೇರೆಗೆ ದೊಡ್ಡ ಕ್ಲಬ್ಬುಗಳೆಲ್ಲ ಮೈದಾನದ ಎಲ್ಲ ಕಡೆಯೂ ಕುರ್ಚಿ ಹಾಕಬೇಕಾಯಿತು. ಇಲ್ಲಿ ಒಂದು ಮಾತು ಹೈಬರಿಯ ಪರವಾಗಿ ಹೇಳಬೇಕು. 1980ರ ದಶಕದಲ್ಲಿ ಪ್ರೇಕ್ಷಕರನ್ನು ತಡೆಯಲು ಎಲ್ಲೆಡೆ ಕಬ್ಬಿಣದ ಬೇಲಿಗಳು ಎದ್ದಾಗ ಆರ್ಸೆನಲ್ ಒಪ್ಪಲಿಲ್ಲ. ಹೈಬರಿಯಲ್ಲಿ ಬೇಲಿ ಬರಲೇ ಇಲ್ಲ. ಅದಕ್ಕಾಗಿ ಎಫ್.ಎ. ಕಪ್ ಸೆಮಿಫೈನಲ್ ಪಂದ್ಯಗಳನ್ನು ಕಳೆದುಕೊಳ್ಳಲೂ ಕ್ಲಬ್ ಸಿದ್ಧವಿತ್ತು.

ನಾರ್ತ್ ಬ್ಯಾಂಕಿನ ಮೆಟ್ಟಿಲುಗಳಲ್ಲಿ ಜನ ಕೊನೆಯದಾಗಿ ನಿಂತದ್ದು 1992ರ ಮೇ 2ರಂದು, ಸೌತಾಂಪ್ಟನ್ ವಿರುದ್ಧ. ಇಯಾನ್ ರೈಟ್ ಹ್ಯಾಟ್ರಿಕ್ ಹೊಡೆದರು, ಆರ್ಸೆನಲ್ 5–1ರಿಂದ ಗೆದ್ದಿತು. ಹೊಸ ಸ್ಟ್ಯಾಂಡಿನ ಖರ್ಚಿಗಾಗಿ ಕ್ಲಬ್ 1,100 ಮತ್ತು 1,500 ಪೌಂಡ್‌ಗಳ ಬಾಂಡುಗಳನ್ನು ಮಾರಲು ಹೊರಟಾಗ ಅಭಿಮಾನಿಗಳು ಕಿಡಿಕಿಡಿಯಾದರು: ಹತ್ತಾರು ವರ್ಷ ನಿಂತು ಕೂಗಿದ ಜಾಗದಲ್ಲಿ ಕೂರಲು ಮುಂಗಡ ಕಾಣಿಕೆಯೇ?

ಕೆಲಸ ನಡೆಯುವಷ್ಟು ಕಾಲ ಆ ತುದಿ ಬಣಗುಟ್ಟಬಾರದೆಂದು, ಜನಸಂದಣಿಯನ್ನು ಬರೆದ ದೊಡ್ಡದೊಂದು ಚಿತ್ರಪಟವನ್ನು ಅಲ್ಲಿ ನಿಲ್ಲಿಸಿದರು. ಮೊದಲು ಬರೆದ ಚಿತ್ರದಲ್ಲಿ ಕಪ್ಪು ಜನರ ಒಂದು ಮುಖವೂ ಇರಲಿಲ್ಲ. ಆಡುವ ತಂಡದಲ್ಲಿ ರೈಟ್ ಅಂಥವರು, ನೋಡುವ ಜನರಲ್ಲಿ ಎಲ್ಲ ಬಣ್ಣದವರು ಇದ್ದ ಬಡಾವಣೆಯ ಕ್ಲಬ್ಬಿಗೆ ಇದು ಹೊಳೆಯದೆ ಹೋದದ್ದು ವಿಚಿತ್ರವೇ. ಟೀಕೆ ಬಂದ ಮೇಲೆ ತಿದ್ದಿಸಿದರು. ಆ ಚಿತ್ರದೆದುರು ಆಡಿದ ಮೊದಲ ಲೀಗ್ ಪಂದ್ಯದಲ್ಲಿ ಆರ್ಸೆನಲ್ 2–0 ಮುಂದಿದ್ದೂ ನಾರಿಚ್‌ಗೆ 2–4ರಿಂದ ಸೋತಿತು. ಚಿತ್ರದಲ್ಲಿದ್ದ ಜನ ಬಾಯಿ ಬಿಡಲಿಲ್ಲ.

ಇಷ್ಟೆಲ್ಲ ಇದ್ದ ಮೈದಾನವನ್ನು ಬಿಟ್ಟದ್ದೇಕೆ?

ಜಾಗ ಸಾಲದೆ. ಕುರ್ಚಿಗಳು ಬಂದ ಮೇಲೆ ಹೈಬರಿಯಲ್ಲಿ ಹಿಡಿಸುತ್ತಿದ್ದವರು ಸುಮಾರು 38,000 ಜನ. ಅದೇ ಹೊತ್ತಿಗೆ ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಮೈದಾನವನ್ನು ಹಿಗ್ಗಿಸುತ್ತಲೇ ಹೋಗುತ್ತಿತ್ತು. ಪ್ರತಿ ಪಂದ್ಯಕ್ಕೂ ಅವರ ಗಲ್ಲಾಪೆಟ್ಟಿಗೆ ತುಂಬಿದಷ್ಟು ಇವರದು ತುಂಬುತ್ತಿರಲಿಲ್ಲ. ಪೂರ್ವಕ್ಕೆ ಏವನೆಲ್ ರೋಡ್, ಪಶ್ಚಿಮಕ್ಕೆ ಹೈಬರಿ ಹಿಲ್, ಸುತ್ತಲೂ ಜನವಸತಿ. ಆಟದ ಅಂಗಳವೂ ಇಕ್ಕಟ್ಟು, ಸುಮಾರು 100 ಮೀಟರ್ ಉದ್ದ, 67 ಮೀಟರ್ ಅಗಲ. ಮುಂದಿನ ಸಾಲಿನಲ್ಲಿ ಕುಳಿತವರಿಗೆ ಆಟಗಾರರ ಉಸಿರು ಕೇಳುವಷ್ಟು ಹತ್ತಿರ ಎಂದು ಹೊಗಳುತ್ತಿದ್ದುದೂ ಇದನ್ನೇ, ಯುರೋಪಿನ ಪಂದ್ಯಗಳಿಗೆ ಸಾಲದು ಎನಿಸಿದ್ದೂ ಇದೇ. ಹಿಗ್ಗಿಸುವ ಯೋಜನೆಗಳಿಗೆ ನೆರೆಹೊರೆಯವರೂ ಸ್ಥಳೀಯ ಆಡಳಿತವೂ ಅಡ್ಡ ನಿಂತರು. 1997ರಲ್ಲಿ ಪೂರ್ವ ಸ್ಟ್ಯಾಂಡ್ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು; ಇನ್ನು ಅದನ್ನು ಕೆಡವುವ ಮಾತೂ ಇಲ್ಲ. ಯಾವ ಸೌಂದರ್ಯಕ್ಕಾಗಿ ಹೈಬರಿಯನ್ನು ಮೆಚ್ಚುತ್ತಿದ್ದರೋ ಅದೇ ಅದರ ಕೈಕಾಲು ಕಟ್ಟಿತು.

1998–99 ಮತ್ತು 1999–2000ರಲ್ಲಿ ಚಾಂಪಿಯನ್ಸ್ ಲೀಗ್‌ನ ತವರು ಪಂದ್ಯಗಳನ್ನು ಕ್ಲಬ್ ವೆಂಬ್ಲಿಯಲ್ಲಿ ಆಡಿಸಿ ನೋಡಿತು. ಆಟದ ದೃಷ್ಟಿಯಿಂದ ಅದು ಸೋಲು: ಆರು ಪಂದ್ಯಗಳಲ್ಲಿ ಗೆದ್ದದ್ದು ಎರಡೇ, ಎರಡು ವರ್ಷವೂ ಮೊದಲ ಸುತ್ತಿನಲ್ಲೇ ನಿರ್ಗಮನ. ಲೆಕ್ಕದ ದೃಷ್ಟಿಯಿಂದ ಅದು ಕಣ್ಣು ತೆರೆಸಿತು, ಏಕೆಂದರೆ 70,000ಕ್ಕೂ ಹೆಚ್ಚು ಜನ ಬಂದ ಪಂದ್ಯಗಳಿದ್ದವು. 1999ರ ನವೆಂಬರ್‌ನಲ್ಲಿ, ಹೈಬರಿಯಿಂದ ಅರ್ಧ ಕಿಲೋಮೀಟರಿನಷ್ಟೇ ದೂರದ ಆ್ಯಶ್‌ಬರ್ಟನ್ ಗ್ರೋವ್‌ನಲ್ಲಿ, ಕಸ ವಿಲೇವಾರಿ ಕೇಂದ್ರ ಮತ್ತು ಕೈಗಾರಿಕಾ ಶೆಡ್ಡುಗಳಿದ್ದ ಜಾಗದಲ್ಲಿ, 60,000 ಆಸನಗಳ ಕ್ರೀಡಾಂಗಣ ಕಟ್ಟುವ ಯೋಜನೆಯನ್ನು ಪ್ರಕಟಿಸಿದರು. ಅದೇ ಇಂದಿನ ಎಮಿರೇಟ್ಸ್.

ಕೊನೆಯ ಪಂದ್ಯದಲ್ಲಿ ಏನಾಯಿತು?

2005–06ರ ಇಡೀ ಸಾಲಿನಲ್ಲಿ ತಂಡ ತನ್ನ ಕೆಂಪು-ಬಿಳಿ ಅಂಗಿಯನ್ನು ಬಿಟ್ಟು, 1913ರ ನೆನಪಿಗಾಗಿ ಗಾಢ ದ್ರಾಕ್ಷಾರಸದ ಬಣ್ಣದ ಅಂಗಿ ತೊಟ್ಟಿತ್ತು. 2006ರ ಏಪ್ರಿಲ್ 19ರಂದು ಕೋಲೊ ಟೂರೆ ಹೊಡೆದ ಗೋಲಿನಿಂದ ವಿಲ್ಲಾರಿಯಲ್ ತಂಡವನ್ನು 1–0ರಿಂದ ಸೋಲಿಸಿದ್ದು ಅಲ್ಲಿಯ ಕೊನೆಯ ಯುರೋಪಿಯನ್ ಪಂದ್ಯ.

ಮೇ 7ರಂದು ವಿಗನ್ ಅಥ್ಲೆಟಿಕ್ ವಿರುದ್ಧ ಎಲ್ಲದರ ಕೊನೆ. ಲೀಗಿನಲ್ಲಿ ನಾಲ್ಕನೇ ಸ್ಥಾನಕ್ಕಾಗಿ, ಅಂದರೆ ಮರುವರ್ಷದ ಚಾಂಪಿಯನ್ಸ್ ಲೀಗ್ ಅರ್ಹತೆಗಾಗಿ, ಆರ್ಸೆನಲ್‌ಗಿಂತ ಮುಂದಿದ್ದದ್ದು ಬೇರೆ ಯಾರೂ ಅಲ್ಲ, ಟಾಟೆನ್‌ಹ್ಯಾಮ್. ಅವರ ಆಟಗಾರರು ಹಿಂದಿನ ರಾತ್ರಿಯಿಂದ ಹೊಟ್ಟೆ ಕೆಟ್ಟು ಮಲಗಿದ್ದರು. ಆದರೂ ಆಡಬೇಕಾಗಿ ಬಂದು ವೆಸ್ಟ್ ಹ್ಯಾಮ್‌ಗೆ ಸೋತರು. ಇತ್ತ ಹೈಬರಿಯಲ್ಲಿ ಒಂದು ಹಂತದಲ್ಲಿ 1–2 ಹಿಂದಿದ್ದ ಆರ್ಸೆನಲ್, ಥಿಯರಿ ಆನ್ರಿ ಅವರ ಹ್ಯಾಟ್ರಿಕ್ ನೆರವಿನಿಂದ 4–2ರಿಂದ ಗೆದ್ದಿತು. ಪೆನಾಲ್ಟಿಯಲ್ಲಿ ಮೂರನೆಯ ಗೋಲು ಹೊಡೆದ ಆನ್ರಿ ಮೊಣಕಾಲೂರಿ ಬಗ್ಗಿ ಹುಲ್ಲಿಗೆ ಮುತ್ತಿಟ್ಟರು. ಹೈಬರಿಯ ಕೊನೆಯ ಗೋಲು ಅದು.

ಈಗ ಆ ಜಾಗದಲ್ಲಿ ಏನಿದೆ?

‘ಹೈಬರಿ ಸ್ಕ್ವೇರ್’ ಎಂಬ ವಸತಿ ಸಮುಚ್ಚಯ. ಆಲೀಸ್ ಆ್ಯಂಡ್ ಮಾರಿಸನ್ ಸಂಸ್ಥೆ ರೂಪಿಸಿದ ಇದರಲ್ಲಿ 700ಕ್ಕೂ ಹೆಚ್ಚು ಮನೆಗಳಿವೆ, 2009ರಲ್ಲಿ ಸಿದ್ಧವಾಯಿತು. ನಾರ್ತ್ ಬ್ಯಾಂಕ್ ಮತ್ತು ಕ್ಲಾಕ್ ಎಂಡ್ ಎರಡನ್ನೂ ಪೂರ್ತಿ ಕೆಡವಿದರು. ಪೂರ್ವ, ಪಶ್ಚಿಮ ಸ್ಟ್ಯಾಂಡುಗಳ ಹೊರಮೈಯನ್ನು ಉಳಿಸಿಕೊಂಡು ಒಳಗೆ ಮನೆಗಳನ್ನು ಕಟ್ಟಿದರು. ಆಟದ ಅಂಗಳವಿದ್ದ ಕಡೆ ನಿವಾಸಿಗಳ ತೋಟವಿದೆ. ದೊಡ್ಡ ಗಡಿಯಾರ ಎಮಿರೇಟ್ಸ್‌ನ ಹೊರಗೋಡೆಗೆ ಹೋಯಿತು.

ಹಳೆಯ ಕುರ್ಚಿಗಳನ್ನು ಅಭಿಮಾನಿಗಳಿಗೆ ಮಾರಿದರೇ?

2006ರಲ್ಲಿ ಹುಲ್ಲು, ಗೋಲುಕಂಬ, ಫಲಕಗಳನ್ನೆಲ್ಲ ಹರಾಜು ಹಾಕಿದರು. ಕುರ್ಚಿಗಳನ್ನು ಮಾತ್ರ ಮಾರಲಾಗಲಿಲ್ಲ: ಅವುಗಳ ಪ್ಲಾಸ್ಟಿಕ್‌ನಲ್ಲಿ ಕ್ಯಾಡ್ಮಿಯಂ ಎಂಬ ಕ್ಯಾನ್ಸರ್‌ಕಾರಕ ಲೋಹದ ಅಂಶ ಪತ್ತೆಯಾಯಿತು. ವರ್ಷಗಟ್ಟಲೆ ಅದೇ ಕುರ್ಚಿಯಲ್ಲಿ ಕುಳಿತವರಿಗೆ, ಅದನ್ನು ಮನೆಗೆ ಒಯ್ಯುವುದು ಅಪಾಯ ಎಂದು ಹೇಳಬೇಕಾಯಿತು.

ಲಂಡನ್ನಿಗೆ ಹೋದವರು ಹೈಬರಿಯನ್ನು ನೋಡಬಹುದೇ?

ಹೊರಗಿನಿಂದ ಖಂಡಿತ ನೋಡಬಹುದು. ಪಿಕಡಿಲಿ ಮಾರ್ಗದ ರೈಲಿನಲ್ಲಿ ಆರ್ಸೆನಲ್ ನಿಲ್ದಾಣದಲ್ಲಿಳಿದು ಏವನೆಲ್ ರೋಡಿಗೆ ತಿರುಗಿದರೆ ಪೂರ್ವ ಸ್ಟ್ಯಾಂಡಿನ ಮುಂಭಾಗ ಎದುರಾಗುತ್ತದೆ. ಪಂದ್ಯವಿಲ್ಲದ ದಿನ ಹೋಗುವುದು ಒಳ್ಳೆಯದು, ಬೆಳಿಗ್ಗೆಯಾದರೆ ಇನ್ನೂ ಒಳ್ಳೆಯದು, ಆಗ ಬಿಸಿಲು ಆ ಗೋಡೆಯ ಮೇಲೆ ನೇರವಾಗಿ ಬೀಳುತ್ತದೆ. ಅನಂತರ ಬಳಸಿಕೊಂಡು ಹೈಬರಿ ಹಿಲ್‌ಗೆ ಹೋಗಿ, ಎರಡು ಮನೆಗಳ ನಡುವಿನ ಆ ಬಾಗಿಲನ್ನು ನೋಡಬೇಕು. ಗಮನವಿಟ್ಟು ನೋಡದಿದ್ದರೆ ದಾಟಿಹೋಗುವ ಸಂಭವವೇ ಹೆಚ್ಚು. ಗೇಟಿನ ಒಳಗೆ ಜನ ವಾಸವಾಗಿದ್ದಾರೆ, ಫೋಟೋ ತೆಗೆಯುವಾಗ ಅವರ ಕಿಟಕಿಗಳತ್ತ ಕ್ಯಾಮೆರಾ ಹಿಡಿಯದಿರುವುದು ಲೇಸು. ಮರಳುವಾಗ ರೈಲು ಬರುವವರೆಗೆ ಪ್ಲಾಟ್‌ಫಾರಂ ಗೋಡೆಯನ್ನು ಓದುತ್ತಾ ನಿಲ್ಲಬಹುದು. ಅದರಲ್ಲಿ ಬರೆದಿರುವುದು ಗಿಲೆಸ್ಪಿ ರೋಡ್.